ಸವೆಯದ ಚಿನ್ನ

ಚಿನ್ನ ಊಟದ ಡಬ್ಬಿಯಲ್ಲಿತ್ತು. ದಿನಾ ಶಾಲೆಗೆ ಚಪಾತಿ ಒಯ್ಯುವ ಅದೇ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ. ಕೆಳಗಿನದರಲ್ಲಿ ಹಾರ, ಝುಮಕಿ, ನಾಲ್ಕು ಬಳೆ. ಮೇಲಿನದರಲ್ಲಿ ನಿಜವಾಗಿಯೂ ಚಪಾತಿ, ಆಲೂಗಡ್ಡೆ ಪಲ್ಯ. ಯಾರಾದರೂ ತೆರೆದು ನೋಡಿದರೆ ಇರಲಿ ಎಂದು ಸುಮೇರಾ ಬೆಳಿಗ್ಗೆ ಎದ್ದು ಲಟ್ಟಿಸಿದ್ದಳು. ತೆರೆದು ನೋಡುವವರು ಯಾರು? ನಲವತ್ತು ದಾಟಿದ ಒಬ್ಬ ಟೀಚರಮ್ಮ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿಚೀಲ ಇಟ್ಟುಕೊಂಡು ಕೂತರೆ ಯಾರ ಕಣ್ಣೂ ಅತ್ತ ಹೊರಳುವುದಿಲ್ಲ. ಕಂಡಕ್ಟರ್ ಕೂಡ ಮುಖ ನೋಡದೆ ಟಿಕೆಟ್ ಕೊಟ್ಟು ಮುಂದೆ ಹೋದ. ಲಾಕರಿನಿಂದ ತೆಗೆದ ಚಿನ್ನ ಇನ್ನೊಂದು ಲಾಕರಿಗೇ ಬಂದ ಹಾಗಾಯಿತಲ್ಲ ಎಂದುಕೊಂಡಳು; ಯಾರೂ ನೋಡದ ಹೆಂಗಸಿನ ಮಡಿಲಿಗಿಂತ ಭದ್ರವಾದ ಜಾಗ ಚಿನ್ನಕ್ಕೆ ಬೇರೆಲ್ಲಿದೆ? ನಗು ಬಂತು.

ತಮ್ಮ ಮೊಹ್ಸಿನ್ ಗಾಂಧಿ ಬಜಾರಿನಲ್ಲಿ ಕಾಯುತ್ತಿರುತ್ತಾನೆ. ಶಿವಮೊಗ್ಗದಲ್ಲಿ ಅವನದು ಗಾಡಿಗಳ ಬಿಡಿಭಾಗದ ಅಂಗಡಿ. ಹೆಂಡತಿ ಮಕ್ಕಳ ಜೊತೆ ಗೋಪಾಳದಲ್ಲಿದ್ದಾನೆ. ರಾಗಿಗುಡ್ಡದ ಹತ್ತಿರ ಬಂಗಾರಪ್ಪ ಎನ್ನುವವರ ಸೈಟೊಂದನ್ನು ನೋಡಿ ತನ್ನ ಕೈಯಿಂದಲೇ ಅಡ್ವಾನ್ಸ್ ಕೊಟ್ಟಿದ್ದ. "ಆಪಾ, ಚಿನ್ನ ಈ ರೇಟು ಕಂಡಿದ್ದೇ ಇಲ್ಲ. ಈಗ ಮಾರದಿದ್ರೆ ಇನ್ಯಾವಾಗ? ಲಾಕರಲ್ಲಿ ಕೂತ್ಕೊಂಡು ಅದೇನು ಮರಿ ಹಾಕುತ್ತಾ? ವರ್ಷಾ ವರ್ಷ ಜಕಾತ್ ಬೇರೆ ಕೊಡ್ತೀಯ, ಲಾಕರ್ ಬಾಡಿಗೆ ಬೇರೆ. ಮಾರಿ ಬ್ಯಾಂಕಿಗೆ ಹಾಕಿದ್ರೆ ಬಡ್ಡಿ, ಅದು ನಮಗೆ ಬೇಡ. ಶೇರು ಗೀರು ನನ್ನ ತಲೆಗೆ ಹತ್ತಲ್ಲ. ಸೈಟು ಅಂದ್ರೆ ಮಣ್ಣು, ಎಲ್ಲೂ ಓಡಿಹೋಗಲ್ಲ. ನಿನ್ನ ಹೆಸರಿಗೇ ಮಾಡಿಸ್ತೀನಿ," ಎಂದು ಫೋನಿನಲ್ಲಿ ಹೇಳಿದಾಗ ಅವಳು ಅಡುಗೆಮನೆಯ ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಗಣಿತ ಕಲಿಸುವವಳು, ಅವನ ಲೆಕ್ಕದಲ್ಲಿ ಒಂದು ತಪ್ಪು ಸಿಗಲಿ ಎಂದು ಹುಡುಕಿದಳು, ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ವಿಷಯ ಮಾತ್ರ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆ ಚಿನ್ನ ಅವಳ ಮದುವೆಗೆಂದು ಮಾಡಿಸಿದ್ದು. ಅದು ಲಾಕರಿನಲ್ಲಿ ಇರುವ ತನಕ ಅವಳು ಮದುವೆಯಾಗದೆ ಉಳಿದವಳಲ್ಲ, ಇನ್ನೂ ಮದುವೆ ಆಗಬೇಕಾದವಳು. ಮದುವೆ ಬೇಕು ಎಂದು ಅವಳ ಮನಸ್ಸಿಗೆ ಅನ್ನಿಸದೆ ಎಷ್ಟೋ ಕಾಲವಾಗಿತ್ತು, ನಿಜ. ಆದರೆ ಬೇಡವೆಂದು ತಾನು ಬಿಡುವುದು ಬೇರೆ, ಇನ್ನಾಗದು ಎಂದು ಮನೆಯವರೆಲ್ಲ ಸದ್ದಿಲ್ಲದೆ ತೀರ್ಮಾನಿಸಿ ಸೈಟು ನೋಡಿಬರುವುದು ಬೇರೆ. "ಆಯ್ತು, ಬರ್ತೀನಿ," ಎಂದು ಫೋನ್ ಇಟ್ಟಿದ್ದಳು.

ಸ್ಟಾಫ್ ರೂಮಿನಲ್ಲಿ ಈಗ ಯಾರ ಬಾಯಲ್ಲಿ ಕೇಳಿದರೂ ಇದೇ ಮಾತು. ಹೊಸದಾಗಿ ಸೇರಿದ ಅನುಷಾ ಬೆಳಿಗ್ಗೆ ಬರುತ್ತಲೇ ಮೊಬೈಲಿನಲ್ಲಿ ರೇಟು ನೋಡಿ "ಅಯ್ಯೋ ದೇವ್ರೇ, ಇವತ್ತೂ ಏರಿದೆ!" ಎನ್ನುತ್ತಾಳೆ, ತಾನೇ ಏರಿಸಿದವಳಂತೆ. ಚಿನ್ನ ಕೊಂಡು ಬೀರುವಿನಲ್ಲಿಡುವುದು ಹಳೇ ಕಾಲದ್ದು, ಮ್ಯೂಚುವಲ್ ಫಂಡಿಗೆ ತಿಂಗಳಾ ತಿಂಗಳ ಕಟ್ಟಬೇಕು ಎಂದು ವಿಜ್ಞಾನದ ದುಷ್ಯಂತ್; ಬೆಳ್ಳಿ ಗಟ್ಟಿಯೇ ಮುಂದಿನ ಚಿನ್ನ ಎಂದು ಇನ್ನೊಬ್ಬರು. ಬಿಸಿಬಿಸಿ ಜಗಳ. ಸುಮೇರಾ ಕಿಟಕಿ ಪಕ್ಕ ಕೂತು ಟೆಸ್ಟ್ ಪೇಪರು ತಿದ್ದುತ್ತ ಕೇಳುತ್ತಿರುತ್ತಾಳೆ. ಒಮ್ಮೆ ಅನುಷಾ ಇತ್ತ ತಿರುಗಿ "ಮೇಡಂ, ನಿಮ್ದು ಯಾವ ಪಾರ್ಟಿ? ಚಿನ್ನವಾ, ಫಂಡಾ?" ಎಂದಳು. ಸುಮೇರಾ ಬಾಯಿ ತೆರೆಯುವಷ್ಟರಲ್ಲಿ ದುಷ್ಯಂತ್ "ಮೇಡಂಗೆ ಏನು ಟೆನ್ಶನ್ ಬಿಡಮ್ಮ, ಒಬ್ರೇ ಅಲ್ವಾ," ಎಂದುಬಿಟ್ಟ. ಒಳ್ಳೆಯ ಹುಡುಗ, ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಎಲ್ಲರೂ ನಕ್ಕರು, ಇವಳೂ ನಕ್ಕಳು. ತಿದ್ದುತ್ತಿದ್ದ ಪೇಪರಿನಲ್ಲಿ ಸರಿಯಾದ ಉತ್ತರಕ್ಕೆ ತಪ್ಪು ಗುರುತು ಹಾಕಿದ್ದು ಆಮೇಲೆ ಕಂಡಿತು. ಆ ಮಗುವಿಗೆ ಮಾರ್ಕ್ಸ್ ಸರಿ ಮಾಡಿಕೊಟ್ಟಳು, ಆದರೆ ಇಡೀ ಸಂಜೆ ಯಾರಿಗೋ ಅನ್ಯಾಯ ಮಾಡಿದೆನೆಂಬ ಸಂಕಟ ಹೋಗಲಿಲ್ಲ.

ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಹತ್ತಿದವಳು ರೂಹಿ. ಅಮ್ಮಿಯ ಕಡೆಯಿಂದ ದೂರದ ಸಂಬಂಧವಾದ ವಜೀರಾಳ ಮಗಳು. ಕಂಕುಳಲ್ಲಿ ಕೂಸು, ಮುಖದ ತುಂಬ ಬೆವರು. "ಆಪಾ! ಸ್ಕೂಲಿಲ್ವಾ ಇವತ್ತು?" ಎನ್ನುತ್ತ ಪಕ್ಕದಲ್ಲೇ ಕೂತಳು. ಅರ್ಧ ದಿನ ರಜೆ ಎಂದಳು ಸುಮೇರಾ. ಕೂಸು ಕೈ ಚಾಚಿ ಡಬ್ಬಿಯನ್ನು ಪಟಪಟ ಬಡಿಯತೊಡಗಿತು.

"ಏನಿದೆ ಆಪಾ ಅದ್ರಲ್ಲಿ? ಇವ್ನಿಗೆ ಡಬ್ಬಿ ಕಂಡ್ರೆ ಸಾಕು."

"ಚಪಾತಿ."

ಹೇಳಿದ ಮೇಲೆ ಕೊಡದೆ ಇರಲಾದೀತೇ? ಮೇಲಿನ ಅಂತಸ್ತನ್ನು ಮಾತ್ರ ಎತ್ತಿ, ಕೆಳಗಿನದನ್ನು ಮಂಡಿಯ ನಡುವೆ ಅದುಮಿ ಹಿಡಿದು, ಚಪಾತಿ ಹರಿದು ಕೂಸಿನ ಕೈಗಿಟ್ಟಳು. ರೂಹಿಯ ಕಿವಿಯ ಪುಟ್ಟ ಬಂಗಾರದ ಹೂ ಬಿಸಿಲಿಗೆ ಹೊಳೆಯಿತು. ಅದು ಎಲ್ಲಿಂದ ಬಂತೆಂದು ರೂಹಿಗೆ ಗೊತ್ತಿಲ್ಲ. ಸುಮೇರಾಳಿಗೆ ಗೊತ್ತು, ವಜೀರಾಳಿಗೆ ಗೊತ್ತು. ಕೂಡಿಟ್ಟ ಚಿನ್ನದ ಬೆಲೆಯಲ್ಲಿ ನಲವತ್ತರಲ್ಲೊಂದು ಪಾಲನ್ನು ರಂಜಾನ್ ತಿಂಗಳಲ್ಲಿ ಜಕಾತ್ ಎಂದು ಬಡವರಿಗೆ ಕೊಡಬೇಕು. ಅಬ್ಬಾ ಇದ್ದಾಗ ಅಬ್ಬಾ ಕೊಡುತ್ತಿದ್ದರು, ಆಮೇಲೆ ಸುಮೇರಾ ತನ್ನ ಸಂಬಳದಿಂದ. ಯಾರಿಗೆ ಎಂದು ಅಮ್ಮಿಯೇ ಗೊತ್ತುಮಾಡುತ್ತಿದ್ದಳು: ಈ ವರ್ಷ ವಜೀರಾಳ ಮಗಳ ಮದುವೆಯಿದೆ, ಅವಳಿಗೆ ಹೋಗಲಿ, ಈ ವರ್ಷ ಹೊಸಮನೆ ಬಡಾವಣೆಯ ಆ ಅನಾಥ ಹುಡುಗಿಗೆ. ಕೊಟ್ಟದ್ದನ್ನು ಆಡಬಾರದು, ಜಕಾತ್ ಎಂದೂ ಹೇಳಬಾರದು, ಪಡೆದವರ ಮನಸ್ಸು ನೋಯುತ್ತದೆ. ಹೀಗೆ ಸುಮೇರಾಳ ಮದುವೆಯ ಚಿನ್ನ ಲಾಕರಿನಲ್ಲಿ ಕೂತಲ್ಲೇ ಕೂತು ಊರಿನ ಎಷ್ಟೋ ಹುಡುಗಿಯರ ಮದುವೆ ಮಾಡಿಸಿತು. ಎಲ್ಲ ಮದುವೆಗಳಿಗೂ ಇವಳು ಹೋಗಿ ಉಂಡು ಬಂದಿದ್ದಳು. ಇಳಿಯುವ ಮುಂಚೆ ರೂಹಿ ಇವಳ ಮುಂಗೈ ಹಿಡಿದು "ಆಪಾ, ನಾನು ನಿಮಗೋಸ್ಕರ ದುವಾ ಮಾಡ್ತೀನಿ, ಗೊತ್ತಾ? ಅಲ್ಲಾಹ್ ಎಲ್ಲಾ ಸರಿ ಮಾಡ್ತಾನೆ," ಎಂದಳು. ಸರಿಮಾಡುವುದಕ್ಕೆ ನನ್ನದೇನಮ್ಮಾ ಕೆಟ್ಟಿದೆ ಎಂದು ಕೇಳಬೇಕೆನ್ನಿಸಿತು. "ಆಮೀನ್," ಎಂದಳು.

ಉಜ್ಜನಪ್ಪನವರ ಮಾತನ್ನು ಕೇಳಬೇಕಿತ್ತು, ಕೇಳಬೇಕಿತ್ತು. ಇದು ಅವಳ ಮಾತಲ್ಲ, ಅಬ್ಬಾನದು. ಬಸ್ಸಿನ ಗಡಗಡದಲ್ಲಿ ಅವರ ದನಿಯಲ್ಲೇ ಕೇಳಿಸಿತು. ಅಬ್ಬಾ, ಎಂದರೆ ಹಮೀದ್, ಕಾರ್ಖಾನೆಯ ಮೆಷಿನ್ ಶಾಪಿನಲ್ಲಿದ್ದವರು. ಉಜ್ಜನಪ್ಪ ಅದೇ ಶಿಫ್ಟಿನ ಗೆಳೆಯ. ಓವರ್‌ಟೈಮಿನ ದುಡ್ಡು ಬಂದಾಗಲೆಲ್ಲ ಉಜ್ಜನಪ್ಪ ಒಂದೊಂದು ಸೈಟಿಗೆ ಕಟ್ಟಿದರು, ಅಬ್ಬಾ ಗಾಂಧಿ ಬಜಾರಿಗೆ ಹೋಗಿ ಅಷ್ಟಷ್ಟೇ ಚಿನ್ನ ತಂದರು. "ಸೈಟು ತಗೋ ಮಾರಾಯ, ನಾಳೆ ನಿನ್ನ ಮಗಳಿಗೇ ಆಗುತ್ತೆ," ಎಂದು ಉಜ್ಜನಪ್ಪ ಜಗಲಿಯಲ್ಲಿ ಕೂತು ಹೇಳಿದರೆ ಅಬ್ಬಾ "ಸೈಟನ್ನ ಮಗಳ ಕೊರಳಿಗೆ ಕಟ್ಟಿ ಕಳಿಸ್ಲೇನಯ್ಯಾ?" ಎಂದು ತೊಡೆ ತಟ್ಟಿ ನಗುತ್ತಿದ್ದರು. ಆಮೇಲೆ ತರೀಕೆರೆಯಿಂದ ಹೆಣ್ಣು ನೋಡಲು ಬಂದರು. ಹುಡುಗ ಒಪ್ಪಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಬಿಸ್ಕತ್ತಿನ ತಟ್ಟೆ ಹಿಡಿದಾಗ ಇವಳ ಕೈಯನ್ನೇ ನೋಡಿ, ಬಿಸ್ಕತ್ತು ತೆಗೆದುಕೊಳ್ಳುವುದನ್ನೇ ಮರೆತಿದ್ದ. ಪರದೆಯ ಹಿಂದೆ ಬಂದು ನಿಂತಮೇಲೆ ಹುಡುಗನ ಮಾವನ ಮಾತು ಕೇಳಿಸಿತು. "ಹುಡುಗಿ ಚೆನ್ನಾಗಿದಾಳೆ ಹಮೀದ್ ಭಾಯ್. ಆದ್ರೆ ಚಿನ್ನ ಯಾರ ಮನೇಲಿಲ್ಲ ಹೇಳಿ? ಶಿವಮೊಗ್ಗದಲ್ಲಿ ಒಂದು ಸೈಟಿದ್ದಿದ್ರೆ ಹುಡುಗ ವರ್ಕ್‌ಶಾಪ್ ಹಾಕ್ಕೋತಿದ್ದ." ಆಗ ಸೈಟಿನ ಕಾಲ, ಊರಲ್ಲಿ ಮೂರು ಜನ ಸೇರಿದರೆ ಸೈಟಿನ ಮಾತು. ಅವರು ಮತ್ತೆ ಬರಲಿಲ್ಲ. ಬೇರೆಯವರು ಬಂದರು, ಬರುವುದು ಕಡಿಮೆಯಾಯಿತು, ಮೊಹ್ಸಿನ್‌ನ ಮದುವೆಯಾಯಿತು, ಯಾವತ್ತೋ ಒಂದು ದಿನದಿಂದ ಮನೆಯಲ್ಲಿ ಆ ಮಾತೇ ನಿಂತುಹೋಯಿತು. ಯಾವತ್ತಿನಿಂದ ಎಂದು ಗೊತ್ತಾಗಲೇ ಇಲ್ಲ, ಅದು ಅವಳನ್ನು ಇಂದಿಗೂ ಕಾಡುತ್ತದೆ. ಅಬ್ಬಾ ಕೊನೆಯ ತನಕ ತನ್ನಿಂದಲೇ ಮಗಳ ಬದುಕು ಹಾಳಾಯಿತೆಂದು ಕೊರಗಿದರು. ಈಗ ನೋಡಿ, ಚಿನ್ನವೇ ಗೆದ್ದಿದೆ. ಉಜ್ಜನಪ್ಪನ ಸೈಟುಗಳು ಅದರ ಹಿಂದೆ ಬಿದ್ದಿವೆ. ಇದೊಂದು ಸುದ್ದಿಯನ್ನು ಅಬ್ಬಾನಿಗೆ ಹೇಳಿಬರೋಣವೆಂದರೆ ಇವರ ಕಡೆ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ.

ಅವಳು ಆ ಒಡವೆಗಳನ್ನು ಒಮ್ಮೆಯೂ ಹಾಕಿಕೊಂಡಿರಲಿಲ್ಲ. ಅಮ್ಮಿಯ ಕಟ್ಟಪ್ಪಣೆ: ಮದುವೆಯ ಚಿನ್ನ ಕೋರಾ ಇರಬೇಕು, ಹೊಸ ಬಟ್ಟೆಯ ಮಡಿಕೆ ಬಿಚ್ಚದ ಹಾಗೆ, ನಿಕಾಹ್ ದಿನವೇ ಮೊದಲು ಮೈ ಮುಟ್ಟಬೇಕು. ರಂಜಾನಿನಲ್ಲಿ ಲೆಕ್ಕಕ್ಕೆಂದು ಹೊರತೆಗೆದಾಗ ಗುಲಾಬಿ ಕಾಗದ ಬಿಚ್ಚಿ ನೋಡುವುದು, ಮತ್ತೆ ಹಾಗೆಯೇ ಸುತ್ತಿಡುವುದು. ಹುಡುಗಿಯಾಗಿದ್ದಾಗ ಒಮ್ಮೆ ಝುಮಕಿಯನ್ನು ಕಿವಿಯ ಹತ್ತಿರ ಹಿಡಿದು ಕನ್ನಡಿ ನೋಡಲು ಓಡಿದ್ದಳು, ಅಮ್ಮಿ ಹಿಂದಿನಿಂದ ಬಂದು ಕೈಮೇಲೆ ಹೊಡೆದು "ಬರ್ಕತ್ ಹೋಗುತ್ತೆ ಹುಚ್ಚೀ!" ಎಂದಿದ್ದಳು. ಅಮ್ಮಿ ತೀರಿಕೊಂಡ ಮೇಲೆ ಲಾಕರಿನ ಬೀಗದಕೈ ಇವಳದೇ ಆಯಿತು. ಆ ಇಕ್ಕಟ್ಟು ಕೋಣೆಯಲ್ಲಿ ಒಬ್ಬಳೇ ನಿಂತಾಗಲೂ, ಯಾರೂ ಹೊಡೆಯುವವರಿಲ್ಲದಾಗಲೂ, ಹಾಕಿಕೊಳ್ಳಲಿಲ್ಲ. ನಾಚಿಕೆಯಾಗುತ್ತಿತ್ತು. ಯಾರ ಮುಂದೆ ನಾಚಿಕೆ ಎಂದರೆ, ತನ್ನ ಮುಂದೆಯೇ.

ಮೊಹ್ಸಿನ್ ಬಸ್‌ಸ್ಟ್ಯಾಂಡಿಗೇ ಬಂದಿದ್ದ. ಬಿಸಿಲಿಗೆ ಬಳಲಿದ್ದಾಳೆಂದು ಮೊದಲು ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದ, ಫ್ಯಾನಿನ ಕೆಳಗೇ ಕೂರಿಸಿದ. ಇಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ? ಸೈಟಿನಲ್ಲಿ ಕಟ್ಟಿಸುವ ಮನೆಯ ಪ್ಲಾನನ್ನು ಮೊಬೈಲಿನಲ್ಲಿ ತೋರಿಸಿದ. "ಕೆಳಗೆ ಎರಡು ಪೋರ್ಷನ್ ಬಾಡಿಗೆಗೆ. ನಿನ್ನ ರಿಟೈರ್ಮೆಂಟಿಗೆ ಅದೇ ಪೆನ್ಶನ್. ಮೇಲೆ ನಿನಗೆ. ಅಡುಗೆಮನೆ, ಬಚ್ಚಲು, ಒಂದು ರೂಮು." ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದ. "ಒಂದು ರೂಮು ಸಾಕಲ್ವಾ ಆಪಾ ನಿಂಗೆ?"

"ಸಾಕು," ಎಂದಳು. ಆ ಚೌಕದಲ್ಲಿ ಒಂದು ಮಂಚ ಬರೆದಿತ್ತು, ಗೋಡೆಗೆ ಒತ್ತಿಕೊಂಡು. ಒಬ್ಬರು ಮಲಗುವ ಮಂಚ. ಪ್ಲಾನು ಬರೆದ ಎಂಜಿನಿಯರ್ ಇವಳ ಮುಖವನ್ನೇ ನೋಡಿರಲಿಲ್ಲ. ಆದರೂ ಅವನಿಗೆ ಗೊತ್ತಿತ್ತು. ಮೊಹ್ಸಿನ್ ಹೇಳಿರಬೇಕು, ಅಕ್ಕ ಒಬ್ಬಳೇ ಇರ್ತಾಳೆ ಸಾರ್, ಸಣ್ಣದು ಸಾಕು ಎಂದು. ಎಷ್ಟು ಸಲೀಸಾಗಿ ಹೇಳಿರುತ್ತಾನೆ! ಚಹಾದ ಲೋಟ ಕೆಳಗಿಡುವಾಗ ಸ್ವಲ್ಪ ತುಳುಕಿತು. ಮೊಹ್ಸಿನ್ ಗಡಿಬಿಡಿಯಿಂದ ತನ್ನ ಕರ್ಚೀಫು ತೆಗೆದು ಒರೆಸಿದ.

ಗಾಂಧಿ ಬಜಾರಿನ ರವಿಶಂಕರನ ಅಂಗಡಿಯಲ್ಲೇ ಅಬ್ಬಾ ಎಲ್ಲ ಒಡವೆ ಮಾಡಿಸಿದ್ದು, ಅವನ ತಂದೆಯ ಕಾಲದಲ್ಲಿ. ಊಟದ ಡಬ್ಬಿಯಿಂದ ಚಿನ್ನ ಹೊರಬಂದದ್ದನ್ನು ನೋಡಿ ಅವನು ನಗಲಿಲ್ಲ. ಅಕ್ಕಿ ಡಬ್ಬದಲ್ಲಿ, ಮಗುವಿನ ಕುಲಾವಿಯಲ್ಲಿ ತರುವವರನ್ನೂ ಕಂಡಿದ್ದ. ಗುಲಾಬಿ ಕಾಗದವನ್ನು ಬಿಚ್ಚಿ, ಪ್ರತಿ ಒಡವೆಗೆ ದಾರದಿಂದ ಕಟ್ಟಿದ್ದ ತೂಕದ ಚೀಟಿ ನೋಡಿ "ನಮ್ಮಪ್ಪನ ಕೈ ಬರಹ!" ಎಂದು ಕಣ್ಣಿಗೊತ್ತಿಕೊಂಡ. ಆಮೇಲೆ ತೂಗಿದ. ಮತ್ತೊಮ್ಮೆ ತೂಗಿದ. "ಇದೇನ್ ಸಾರ್ ಇದು, ಹಳೇ ಚಿನ್ನ ಅಂದ್ರೆ ಬೆವರು, ಸೋಪು, ಕೊಳೆ ಇರುತ್ತೆ, ತಿಕ್ಕಿ ತಿಕ್ಕಿ ಸವೆದಿರುತ್ತೆ. ಬಳೆ ಅಂತೂ ಹಾಕಿದೋರ ಕೈಲಿ ಸವೆದೇ ಸವೆಯುತ್ತೆ. ಅದಕ್ಕೇ ನಾವು ಸ್ವಲ್ಪ ಕಳೀತೀವಿ. ಇದ್ರಲ್ಲಿ ಕಳೆಯೋಕೆ ಏನೂ ಇಲ್ಲ." ಮೊಹ್ಸಿನ್‌ನ ಕಡೆ ತಿರುಗಿ ಬಾಯ್ತುಂಬ ಹೊಗಳಿದ. "ನಮ್ಮಪ್ಪ ಕೊಟ್ಟಾಗ ಎಷ್ಟಿತ್ತೋ ಅಷ್ಟೇ ಇದೆ. ಕೂದಲೆಳೆಯಷ್ಟೂ ಸವೆದಿಲ್ಲ. ಒಂದು ದಿನಾನೂ ಯಾರೂ ಹಾಕೇ ಇಲ್ಲ ಅಂತ ಕಾಣುತ್ತೆ."

ಮೊಹ್ಸಿನ್ ನೆಲ ನೋಡಿದ. ಅಂಗಡಿಯಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದರು, ಅವರೂ ಕೇಳಿಸಿಕೊಂಡರು. ಸುಮೇರಾಳಿಗೆ ಕಿವಿಯ ತನಕ ಬಿಸಿಯೇರಿತು. ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಏನನ್ನೋ ಅವನು ಎತ್ತಿ ತಕ್ಕಡಿಯಲ್ಲಿಟ್ಟು, ಸರಿಯಾಗಿ ತೂಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಿದ್ದ. ಪೂರ್ತಿ ಬೆಲೆ ಬರುತ್ತದೆ, ಏನೂ ಕಳೆಯುವುದಿಲ್ಲ. ಏನಾದರೂ ಕಳೆದಿದ್ದರೆ! ಒಂದು ಮದುವೆಯಲ್ಲಿ, ಒಂದು ಹಬ್ಬದಲ್ಲಿ, ಪಾತ್ರೆ ತಿಕ್ಕುವಾಗ, ಯಾರದ್ದೋ ತಲೆಗೆ ಎಣ್ಣೆ ಒತ್ತುವಾಗ ಚೂರು ಚೂರೇ ಸವೆದು, ಇಲ್ಲಿಗೆ ಬಂದು ಬೆಲೆ ಕಮ್ಮಿಯಾಗಿದ್ದರೆ. ಅವಳ ಕೈ ತಾನಾಗಿಯೇ ಮುಂದೆ ಹೋಗಿ ಬಳೆಗಳನ್ನು ಎತ್ತಿಕೊಂಡಿತು.

"ಒಂದ್ಸಲ ಹಾಕಿ ನೋಡ್ತೀನಿ," ಎಂದಳು.

ಇಪ್ಪತ್ತರ ಹುಡುಗಿಯ ಅಳತೆ. ಬಳೆ ಹೆಬ್ಬೆರಳಿನ ಬುಡಕ್ಕೆ ಬಂದು ನಿಂತಿತು. ಬಿಟ್ಟುಬಿಡಿ ಎನ್ನಬಹುದಿತ್ತು ರವಿಶಂಕರ, ಆದರೆ ಅಂಗಡಿಯವನ ಅಭ್ಯಾಸ, ಒಂದು ತೆಳ್ಳನೆಯ ಪ್ಲಾಸ್ಟಿಕ್ ಕವರು ಕೊಟ್ಟ. ಅದನ್ನು ಕೈಗೆ ತೊಟ್ಟು ಕಣ್ಣು ಮುಚ್ಚಿ ಒತ್ತಿದಳು. ಮೂಳೆ ನೋಯಿತು, ಒಂದು ಹೋಯಿತು. ಇನ್ನೊಂದು. ಆಮೇಲೆ ಎಡಗೈ. ಕವರು ಎಳೆದಾಗ ಎರಡೂ ಮುಂಗೈಯಲ್ಲಿ ಬಳೆಗಳು ಕೂತಿದ್ದವು, ಅವಳ ನಸುಗಪ್ಪು ಕೈಗೆ ಅಷ್ಟು ಒಪ್ಪುತ್ತವೆಂದು ಅವಳೂ ಎಣಿಸಿರಲಿಲ್ಲ. ತರೀಕೆರೆಯ ಹುಡುಗ ನೋಡಿದ್ದು ಇದೇ ಕೈಯನ್ನು. ತೆಗೆಯಲು ಹೋದಳು, ಬರಲಿಲ್ಲ. ಅಥವಾ ಅಷ್ಟು ಜೋರಾಗಿ ಎಳೆಯಲಿಲ್ಲ.

"ಸೋಪ್ ಹಾಕಿದ್ರೆ ಬರುತ್ತೆ ಮೇಡಂ. ತರಿಸ್ಲಾ?"

"ಬೇಡ." ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಹಾರ, ಝುಮಕಿ ತಗೊಳ್ಳಿ. ಇವು ಇರ್ಲಿ."

"ಆಪಾ," ಮೊಹ್ಸಿನ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಸೈಟಿಗೆ ಕಮ್ಮಿ ಬೀಳುತ್ತೆ. ರೇಟು ನಾಳೆ ಇಳಿದ್ರೆ?"

"ಇಳೀಲಿ. ಸ್ವಲ್ಪ ಸವೆಯಲಿ, ಆಮೇಲೆ ಮಾರ್ತೀನಿ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಅವಳ ಕೈಯನ್ನು ನೋಡಿದ, ಮುಖ ನೋಡಿದ, ಚಿಕ್ಕಂದಿನಲ್ಲಿ ಪೆಟ್ಟು ತಿಂದಾಗ ಮಾಡುತ್ತಿದ್ದ ಮುಖ ಮಾಡಿದ. "ಆಯ್ತು ಆಪಾ. ನಾನು ಹೊಂದಿಸ್ತೀನಿ," ಎಂದ. ಅವಳಿಗೆ ತಪ್ಪು ಮಾಡಿದೆನೆನ್ನಿಸಿತು, ತಮ್ಮನ ತಲೆಮೇಲೆ ಹೊರೆ ಹೊರಿಸಿದೆ, ಯಾವ ಲೆಕ್ಕದಲ್ಲೂ ಇದು ಸರಿಯಲ್ಲ. ಆದರೂ ಮೆಟ್ಟಿಲಿಳಿಯುವಾಗ ಇನ್ನೊಂದು ಮಾತು ಬಾಯಿಂದ ಹೊರಟೇಬಿಟ್ಟಿತು.

"ಮೊಹ್ಸಿನ್, ಮೇಲೆ ಎರಡು ರೂಮು ಹಾಕಿಸು."

"ಇನ್ನೊಂದು ಯಾರಿಗೆ ಆಪಾ?"

ಬಜಾರಿನ ಗದ್ದಲದಲ್ಲಿ ಕೇಳಿಸದವಳ ಹಾಗೆ ಅವಳು ಮುಂದೆ ನಡೆದಳು.

ಹಿಂತಿರುಗುವ ಬಸ್ಸಿನಲ್ಲಿ ತೋಳನ್ನು ಬುರ್ಖಾದೊಳಗೆ ಎಳೆದುಕೊಂಡು ಕೂತಿದ್ದಳು. ಡಬ್ಬಿ ಹಗುರವಾಗಿತ್ತು. ಭದ್ರಾವತಿಯ ಜನ್ನಾಪುರದಲ್ಲಿ ಇಳಿದು ಬಾಗಿಲು ತೆರೆದಾಗ ಇನ್ನೂ ಬೆಳಕಿತ್ತು; ಅಬ್ಬಾನ ಕುರ್ಚಿ, ಅಮ್ಮಿಯ ಹೊಲಿಗೆ ಮೆಷಿನ್, ಬೆಳಿಗ್ಗೆ ಬಿಟ್ಟುಹೋದ ಲಟ್ಟಣಿಗೆ ಎಲ್ಲ ಇದ್ದಲ್ಲೇ ಇದ್ದವು. ಹಿತ್ತಲಿನ ಕಲ್ಲಿನ ಮೇಲೆ ಕೂತು ಪಾತ್ರೆಗೆ ನೀರು ಬಿಟ್ಟಳು. ನಾಳೆ ಶಾಲೆಗೆ ಹೀಗೆ ಹೋದರೆ ಅನುಷಾ ಕೂಗುತ್ತಾಳೆ, ಮೇಡಂ ಏನಿದು ವಿಶೇಷ ಎಂದು, ಎಲ್ಲರೂ ತಿರುಗಿ ನೋಡುತ್ತಾರೆ. ಏನೆಂದು ಹೇಳುವುದು? ಛೇ, ಯಾಕೆ ಬೇಕಿತ್ತು. ಅಂಗೈಗೆ ಸೋಪು ಉಜ್ಜಿ ನೊರೆ ಮಾಡಿ ಬಲಗೈಯ ಬಳೆಯನ್ನು ಎಳೆದಳು. ಗೆಣ್ಣಿನ ತನಕ ಜಾರಿತು. ಇನ್ನೊಂದು ಅದಕ್ಕೆ ಬಂದು ತಾಗಿ ಝಣ್ ಎಂದಿತು. ಈ ಮನೆಯಲ್ಲಿ ಬಳೆಯ ಸದ್ದಾಗಿ ಎಷ್ಟು ಕಾಲವಾಗಿತ್ತೋ. ಅಮ್ಮಿ ಹೋದಮೇಲೆ ಇರಲೇ ಇಲ್ಲ.

"ಸುಮೇರಮ್ಮಾ," ಎಂದು ಕಾಂಪೌಂಡಿನ ಆ ಕಡೆಯಿಂದ ಪಕ್ಕದ ಮನೆಯ ಕರಿಯಮ್ಮನ ದನಿ ಬಂತು. ಗೋಡೆ ಎತ್ತರ, ಮುಖ ಕಾಣುವುದಿಲ್ಲ. "ಬಳೆ ಸದ್ದು ಕೇಳ್ತು. ಯಾರು ಬಂದಿದಾರೆ ಮನೆಗೆ?"

ಸುಮೇರಾಳ ಕೈ ನೊರೆಯಲ್ಲೇ ನಿಂತಿತು.

"ಯಾರೂ ಬಂದಿಲ್ಲ ಕರಿಯಮ್ಮ. ನಾನೇ."

"ನೀವೇನಾ!" ಎಂದಳು ಕರಿಯಮ್ಮ. ಆಮೇಲೆ ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಒಳಗೆ ಹೋದಳು.

ಸುಮೇರಾ ನೊರೆ ತೊಳೆದು ಬಳೆಯನ್ನು ಮತ್ತೆ ಮುಂಗೈಗೆ ಏರಿಸಿದಳು. ಊಟದ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ತಿಕ್ಕತೊಡಗಿದಳು. ಅದರಲ್ಲಿ ಅಂಥ ಕೊಳೆಯೇನೂ ಇರಲಿಲ್ಲ. ಒಂದೇ ಸಲಕ್ಕೆ ಬೆಳ್ಳಗಾಯಿತು. ಆದರೂ ಇನ್ನೊಮ್ಮೆ ಸೋಪು ಹಚ್ಚಿ, ಸದ್ದಾಗುವ ಹಾಗೆ ತಿಕ್ಕಿದಳು.